ಬಾಂಬಿಗೊಂದು ಸಜ್ಜು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪ್ರತಿವರ್ಷವೂ ಈ ವೇದಿಕೆಯ ಮೇಲೆ ಪಂಪನೋ ಬಸವಣ್ಣನವರೋ ಕುಮಾರವ್ಯಾಸನೋ ಬಂದು ನಿಲ್ಲುವುದು ವಾಡಿಕೆ. ಕನ್ನಡ ಪಂಡಿತನನ್ನು ಮಾತಿಗೆ ಕರೆದ ಮೇಲೆ ಬೇರೆ ವಿಷಯ ಬಂದೀತೆಂದು ಯಾರೂ ಎಣಿಸುವುದಿಲ್ಲ. ಈ ಸಲ ನಾವು ಎತ್ತಿಕೊಂಡಿರುವುದು ವಿಮಾನದಿಂದ ಬೀಳುವ ಬಾಂಬಿನ ವಿಷಯವನ್ನು. ಅದನ್ನು ಕೇಳಿ ನಮ್ಮ ಕಾರ್ಯದರ್ಶಿಗಳು ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಎರಡು ಸಲ ವಿಚಾರಿಸಿಕೊಂಡರು. ಸಂಶಯ ಅವರಲ್ಲಿ ಹುಟ್ಟಿದ್ದು ಸಹಜವೇ.

ಇದಕ್ಕೊಂದು ಕಾರಣವಿದೆ. ಈ ಭಾಗದಲ್ಲಿ ಒಬ್ಬ ಮಗ ಹೊಲವನ್ನೂ ಇನ್ನೊಬ್ಬ ಮಗ ಸೈನ್ಯವನ್ನೂ ನೋಡಿಕೊಳ್ಳುವ ಮನೆಗಳು ಅಪೂರ್ವವಲ್ಲ. 2025ರ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯಲ್ಲಿ ಕಾಳಗ ನಡೆದಾಗ ಇಂಥ ಮನೆಗಳಲ್ಲಿ ರಾತ್ರಿ ದೀಪ ಆರಲಿಲ್ಲ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಸೈನ್ಯದಲ್ಲಿರುವವನ ತಂಗಿ, ಪಾಠ ಮುಗಿದ ಮೇಲೆ ಎದ್ದು ನಿಂತು ಕೇಳಿದಳು: “ಗುರುಗಳೆ, ಗುರಿ ತಪ್ಪದ ಬಾಂಬು ನಮ್ಮಲ್ಲಿದೆ ಎಂದು ಪೇಪರಿನಲ್ಲಿ ಬಂದಿದೆ. ಗುರಿಯೇ ತಪ್ಪದಿದ್ದರೆ ಇನ್ನು ಮೇಲೆ ತಪ್ಪಿಲ್ಲದವರು ಸಾಯುವುದಿಲ್ಲ, ಹೌದಲ್ಲವೆ?” ವ್ಯಾಕರಣದ ಪ್ರಶ್ನೆಯಾಗಿದ್ದರೆ ಅಲ್ಲಿಯೇ ಉತ್ತರ ಹೇಳುತ್ತಿದ್ದೆವು. ಇದಕ್ಕೆ ನಾಲ್ಕು ದಿನ ಕಾಲಾವಕಾಶ ಕೇಳಿದೆವು. ಆ ನಾಲ್ಕು ದಿನ ನಾಲ್ಕು ತಿಂಗಳಾಯಿತು. ಓದಿ ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ.

ಬಾಂಬು ಗುರಿಯನ್ನು ತಪ್ಪುವುದು ಏಕೆ? ಇದನ್ನು ಮೊದಲು ತಿಳಿಯಬೇಕು. ಬಾಂಬಿನ ಮಾತು ಸದ್ಯಕ್ಕೆ ಬೇಡ. ನಮ್ಮ ಸಾಂಗಲಿಯ ಪೇಟೆಯ ಅರಿಸಿನದ ಮೂಟೆಯೊಂದನ್ನು ವಿಮಾನದಲ್ಲಿಟ್ಟುಕೊಂಡು ಮಿರಜದ ರೇಲ್ವೆ ನಿಲ್ದಾಣದ ಅಂಗಳಕ್ಕೆ ಇಳಿಸಬೇಕಾಗಿದೆ ಎಂದುಕೊಳ್ಳೋಣ. ವಿಮಾನವು ಮೂರು ಕಿಲೋಮೀಟರು ಎತ್ತರದಲ್ಲಿ, ಗಂಟೆಗೆ 720 ಕಿಲೋಮೀಟರು ವೇಗದಲ್ಲಿ ಸಾಗಿದೆ. ನಿಲ್ದಾಣದ ನೆತ್ತಿಯ ಮೇಲೆ ಬಂದಾಗ ಮೂಟೆಯನ್ನು ಬಿಟ್ಟರೆ ಅದು ನಿಲ್ದಾಣದಲ್ಲಿ ಬೀಳುವುದಿಲ್ಲ. ಅಷ್ಟೆತ್ತರದಿಂದ ನೆಲ ಮುಟ್ಟಲು ಅದಕ್ಕೆ ಸುಮಾರು 25 ಸೆಕೆಂಡು ಬೇಕು. ವಿಮಾನವು ಸೆಕೆಂಡಿಗೆ 200 ಮೀಟರು ಮುಂದೆ ಹೋಗುತ್ತಿರುವುದರಿಂದ ಮೂಟೆಗೂ ಅದೇ ವೇಗವಿರುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಐದು ಕಿಲೋಮೀಟರು ಮುಂದೆ ಹೋಗಿ ಬೀಳುತ್ತದೆ. ಆದುದರಿಂದ ಅದನ್ನು ವಿಶ್ರಾಮಬಾಗದ ಆಸುಪಾಸಿನಲ್ಲಿಯೇ ಬಿಡಬೇಕು. ಬಿಡುವವನ ಕೈ ಒಂದೇ ಒಂದು ಸೆಕೆಂಡು ತಡವಾದರೆ 200 ಮೀಟರು ತಪ್ಪಿತು. ನಡುವೆ ಗಾಳಿ ಬೀಸಿದರೆ, ವಿಮಾನ ತುಸು ಓಲಿದರೆ, ಎತ್ತರದ ಅಂದಾಜು ಸರಿಯಿಲ್ಲದಿದ್ದರೆ ತಪ್ಪಿನ ಮೇಲೆ ತಪ್ಪು ಕೂಡುತ್ತದೆ. ಕೈಬಿಟ್ಟ ಮೇಲೆ ಮೂಟೆಗೆ ಯಾರೂ ಬುದ್ಧಿ ಹೇಳಲಾರರು.

ಎರಡನೆಯ ಮಹಾಯುದ್ಧದಲ್ಲಿ ಈ ಸಂಗತಿ ಲೆಕ್ಕಕ್ಕೆ ಸಿಕ್ಕಿತು. 1941ರಲ್ಲಿ ಬ್ರಿಟಿಷ್ ಸರಕಾರವು ತನ್ನ ವಿಮಾನಗಳು ರಾತ್ರಿ ವೇಳೆ ತೆಗೆದ ಛಾಯಾಚಿತ್ರಗಳನ್ನು ಪರೀಕ್ಷೆ ಮಾಡಿಸಿತು. ಗುರಿಯ ಮೇಲೆ ಬಾಂಬು ಹಾಕಿ ಬಂದೆವೆಂದು ವರದಿ ಮಾಡಿದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯಿಂದ ಐದು ಮೈಲಿಯ ಒಳಗೆ ಹೋಗಿತ್ತೆಂದು ಬಟ್ ವರದಿ ಎಂಬ ಹೆಸರಿನ ಆ ಪತ್ರ ತಿಳಿಸಿತು. ಐದು ಮೈಲಿ ಎಂದರೆ ಎಂಟು ಕಿಲೋಮೀಟರು. ಹೆಚ್ಚು ಕಡಿಮೆ ಮಿರಜಕ್ಕೂ ಸಾಂಗಲಿಗೂ ಇರುವ ಅಂತರ. ಮಿರಜವನ್ನು ಹುಡುಕಿ ಹೊರಟವನು ಸಾಂಗಲಿಯ ಮೇಲೆ ಬಾಂಬು ಹಾಕಿ ಬಂದರೂ ಅವನನ್ನು ಆ ಕಾಲದಲ್ಲಿ ಒಳ್ಳೆಯ ಗುರಿಕಾರನೆಂದೇ ಎಣಿಸುತ್ತಿದ್ದರು! ಹೀಗಾದುದರಿಂದಲೇ ಒಂದು ಕಾರ್ಖಾನೆಯನ್ನು ಕೆಡವಲು ಒಂದು ಪಟ್ಟಣವನ್ನೇ ಸುಡುವ ಪದ್ಧತಿ ಬೆಳೆಯಿತು. ಆ ಪದ್ಧತಿಯಲ್ಲಿ ಸತ್ತವರಲ್ಲಿ ಮಕ್ಕಳೂ ಮುದುಕರೂ ಲೆಕ್ಕವಿಲ್ಲದಷ್ಟು ಇದ್ದರೆಂಬುದನ್ನು ಮರೆಯಬಾರದು. ಗುರಿಯನ್ನು ಸರಿಪಡಿಸುವ ವಿದ್ಯೆಯನ್ನು ಕೇವಲ ಕೊಲ್ಲುವ ವಿದ್ಯೆಯೆಂದು ಮೂಗು ಮುರಿಯುವವರು ಈ ಹಿಂದಿನ ಕಥೆಯನ್ನು ಓದಿಕೊಳ್ಳಬೇಕು.

ಹಾರಿಬಿಟ್ಟ ಅಸ್ತ್ರದ ದಾರಿಯನ್ನು ನೆಟ್ಟಗೆ ಮಾಡುವ ಚಿಂತೆ ವಿಮಾನಕ್ಕಿಂತ ಹಳೆಯದು. ನಮ್ಮ ನೆಲಕ್ಕೂ ಹೊಸದಲ್ಲ. ಈ ಊರುಗಳನ್ನು ಆಳಿದ ಪಟವರ್ಧನ ಮನೆತನದವರು ಹೈದರ ಟಿಪ್ಪುಗಳ ಸೈನ್ಯವನ್ನು ಮತ್ತೆ ಮತ್ತೆ ಎದುರಿಸಿದವರು. ತಾಸಗಾವಿಯ ಪರಶುರಾಮಭಾವು ಪಟವರ್ಧನರು 1790ರಲ್ಲಿ ಧಾರವಾಡದ ಕೋಟೆಗೆ ಹಾಕಿದ ಮುತ್ತಿಗೆ 1791ರ ಏಪ್ರಿಲಿನವರೆಗೆ ನಡೆಯಿತು. ಆ ಕಾಲದ ಮೈಸೂರು ಸೈನ್ಯದ ಹೆಸರಾಂತ ಆಯುಧವೆಂದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್ಟು. ಇಂಥ ಸಾವಿರಕ್ಕೂ ಮಿಕ್ಕಿದ ಕೊಳವೆಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬಲ್ಲಿ ಹಾಳುಬಾವಿಯೊಂದರಲ್ಲಿ ದೊರೆತುವು. ಕೊಳವೆಗೆ ಉದ್ದನೆಯ ಬಿದಿರಿನ ಗಳುವನ್ನು ಕಟ್ಟುತ್ತಿದ್ದರು. ಹಾರುವಾಗ ಕೊಳವೆ ಲಾಗ ಹಾಕದಂತೆ ಆ ಗಳು ಹಿಡಿದು ನಿಲ್ಲಿಸುತ್ತಿತ್ತು. ಅದಕ್ಕೆ ಅಂದಿನವರು ಇಟ್ಟ ಹೆಸರು ‘ಬಾಣ’ ಎಂದೇ. ಕನ್ನಡದ ‘ಬಾಣಬಿರುಸು’ ಎಂಬ ಮಾತಿನಲ್ಲಿ ಅದು ಉಳಿದಿದೆ. ದೀಪಾವಳಿಯಲ್ಲಿ ನಮ್ಮ ನೆರೆಯ ಮರಾಠಿ ಮಕ್ಕಳು ಹಾರಿಸುವುದೂ ‘ಬಾಣ’ವನ್ನೇ. ಆದರೆ ಬಿದಿರಿನ ಗಳುವಿಗೆ ನೆಟ್ಟಗೆ ಹಿಡಿಯುವ ಶಕ್ತಿಯಿತ್ತೇ ಹೊರತು ತಿರುಗಿಸುವ ಶಕ್ತಿ ಇರಲಿಲ್ಲ. ಬಾಣ ಹೊರಟರೆ ಹೊರಟಿತು.

ತಿರುಗಿಸುವುದೆಂದರೇನು? ಇದನ್ನು ತಿಳಿಯಲು ನಮಗೆ ಪುಸ್ತಕ ಬೇಡ, ಕೃಷ್ಣೆಯ ದಂಡೆಗೆ ಹೋದರೆ ಸಾಕು. ಆಯರ್ವಿನ್ ಸೇತುವೆ ಆಗುವ ಮೊದಲು ಸಾಂಗಲಿಯಿಂದ ಸಾಂಗಲಿವಾಡಿಗೆ ದೋಣಿಯಲ್ಲಿ ಹೋಗುತ್ತಿದ್ದರು. ತುಂಬಿದ ಹೊಳೆಯಲ್ಲಿ ಎದುರು ದಂಡೆಯ ಮರಕ್ಕೆ ನೇರವಾಗಿ ದೋಣಿ ಬಿಟ್ಟರೆ ಸೆಳವು ಅದನ್ನು ಎಲ್ಲಿಯೋ ಒಯ್ದು ಹಾಕುತ್ತದೆ. ಬಲ್ಲ ಅಂಬಿಗನು ಮೊದಲೇ ಮೇಲ್ಹೊಳೆಗೆ ಮುಖ ಮಾಡುತ್ತಾನೆ. ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಕಣ್ಣು ಮರದ ಮೇಲೆ, ಕೈ ಹುಟ್ಟಿನ ಮೇಲೆ. ದೋಣಿ ಎಡಕ್ಕೆ ಸರಿದರೆ ಬಲಕ್ಕೆ, ಬಲಕ್ಕೆ ಸರಿದರೆ ಎಡಕ್ಕೆ. ನೋಡುವುದು, ತಿದ್ದುವುದು, ಮತ್ತೆ ನೋಡುವುದು. ಬಾಂಬಿಗೆ ಬೇಕಾಗಿದ್ದುದು ಇಂಥ ಒಂದು ಕಣ್ಣು, ಒಂದು ಹುಟ್ಟು.

ಇವೆರಡನ್ನು ಕೂಡಿಸಿ ಮಾಡಿದ ಸಲಕರಣೆಯೇ ಪತ್ರಿಕೆಗಳು ಹೇಳುವ ‘ಗೈಡೆನ್ಸ್ ಕಿಟ್’. ಇದಕ್ಕೆ ನಾವು ‘ಸಜ್ಜು’ ಎಂದು ಕರೆಯಬಯಸುತ್ತೇವೆ. ಕುದುರೆ ಹಳೆಯದೇ, ಜೀನು, ಕಡಿವಾಣ ಹೊಸವು. ಹಾಗೆಯೇ ಇಲ್ಲಿ ಬಾಂಬು ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಬಾಂಬೇ. ಅದರ ಮೂತಿಗೊಂದು, ಬಾಲಕ್ಕೊಂದು ಭಾಗವನ್ನು ಬಿಗಿದರೆ ಅದು ಹೊಸ ಆಯುಧವಾಗುತ್ತದೆ. ಹೊಸ ಕ್ಷಿಪಣಿಯೊಂದನ್ನು ಮಾಡುವ ಖರ್ಚಿಗಿಂತ ಇದು ಬಹಳ ಅಗ್ಗ. ಈ ಅಗ್ಗತನವೇ ಇದರ ದೊಡ್ಡ ಗುಣ. ಮುಂದೆ ನೋಡುವಂತೆ ಇದರ ಚಿಂತೆಯೂ ಅದೇ.

ಅಮೆರಿಕೆಯವರು ವಿಯಟ್ನಾಮ್ ಯುದ್ಧದಲ್ಲಿ, 1968ರ ಸುಮಾರಿಗೆ, ಇಂಥ ಸಜ್ಜನ್ನು ಮೊದಲು ಬಳಸಿದರು. ಅದರ ಹೆಸರು ಪೇವ್‌ವೇ. ಕೆಲಸದ ರೀತಿ ಹೀಗೆ. ವಿಮಾನದವನಾಗಲಿ ನೆಲದ ಮೇಲಿನ ಸೈನಿಕನಾಗಲಿ ಗುರಿಯ ಮೇಲೆ ಲೇಸರ್ ಬೆಳಕನ್ನು ಬಿಡುತ್ತಾನೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದು. ಆದರೆ ಗುರಿಗೆ ತಗಲಿ ಹಿಂದಕ್ಕೆ ಚೆದುರುತ್ತದೆ. ಬಾಂಬಿನ ಮೂತಿಯಲ್ಲಿರುವ ಕಣ್ಣು ನಾಲ್ಕು ಹೋಳುಗಳದ್ದು, ಭಕ್ಕರಿಯನ್ನು ಅಡ್ಡ ಉದ್ದ ಮುರಿದಂತೆ. ನಾಲ್ಕೂ ಹೋಳುಗಳ ಮೇಲೆ ಬೆಳಕು ಸಮವಾಗಿ ಬಿದ್ದರೆ ದಾರಿ ಸರಿ. ಮೇಲಿನ ಹೋಳಿಗೆ ಹೆಚ್ಚು ಬಿದ್ದರೆ ಗುರಿ ಮೇಲಿದೆಯೆಂದು ಅರ್ಥ; ಕೂಡಲೇ ಚಿಕ್ಕ ರೆಕ್ಕೆಗಳು ಹೊರಳಿ ಬಾಂಬಿನ ಮುಖವನ್ನು ಆ ಕಡೆಗೆ ಎತ್ತುತ್ತವೆ. ಇಬ್ಬರು ಎರಡು ಗುರಿಗಳಿಗೆ ಬೆಳಕು ಹಿಡಿದರೆ ಗೊಂದಲವಾಗದಂತೆ ಪ್ರತಿಯೊಂದು ಬೆಳಕಿಗೂ ಅದರದೇ ಆದ ಮಿಡಿತದ ಸಂಕೇತವಿರುತ್ತದೆ. ಮೊದಲ ಕಾಲದ ಸಜ್ಜುಗಳಲ್ಲಿ ರೆಕ್ಕೆ ಹೊರಳಿದರೆ ಪೂರ್ತಿ ಹೊರಳುತ್ತಿತ್ತು, ನಡುವಿನ ಮಾತಿಲ್ಲ. ಮಿರಜದವರಿಗೆ ಇದನ್ನು ತಿಳಿಸುವುದು ಸುಲಭ. ತಂಬೂರಿಯ ಬಿರಡೆಯನ್ನು ಗಟ್ಟಿಯಾಗಿ ತಿರುವುವುದಕ್ಕೂ ತಂತಿಯ ಕೆಳಗಿನ ಮಣಿಯನ್ನು ಕೂದಲೆಳೆಯಷ್ಟು ಸರಿಸುವುದಕ್ಕೂ ಎಷ್ಟು ಅಂತರವೋ, ಹಳೆಯ ಸಜ್ಜಿಗೂ ಹೊಸ ಸಜ್ಜಿಗೂ ಅಷ್ಟು ಅಂತರ.

ವಿಯಟ್ನಾಮಿನ ಥಾನ್ ಹೋವಾ ಎಂಬಲ್ಲಿಯ ಸೇತುವೆಯೊಂದನ್ನು ಕೆಡವಲು 1965ರಿಂದ ನೂರಾರು ವಿಮಾನ ಹಾರಾಟಗಳಾದವು. ಹಲವು ವಿಮಾನಗಳು ಬಿದ್ದವು, ಸೇತುವೆ ಬೀಳಲಿಲ್ಲ. 1972ರ ಮೇ 13ರಂದು ಲೇಸರ್ ಸಜ್ಜಿನ ಬಾಂಬುಗಳು ಅದನ್ನು ಒಂದೇ ದಾಳಿಯಲ್ಲಿ ಮುರಿದುವು. ಅಂದಿನಿಂದ ಯುದ್ಧಶಾಸ್ತ್ರದ ಲೆಕ್ಕವೇ ಬದಲಾಯಿತು. ಒಂದು ಗುರಿಗೆ ಎಷ್ಟು ವಿಮಾನ ಎಂದು ಕೇಳುತ್ತಿದ್ದವರು ಒಂದು ವಿಮಾನಕ್ಕೆ ಎಷ್ಟು ಗುರಿ ಎಂದು ಕೇಳತೊಡಗಿದರು.

ಇನ್ನು ನಮ್ಮ ದೇಶದ ಮಾತು. 1999ರ ಕಾರ್ಗಿಲ್ ಯುದ್ಧವನ್ನು ನಮ್ಮಲ್ಲಿ ನಡುವಯಸ್ಸು ದಾಟಿದವರೆಲ್ಲ ಬಲ್ಲಿರಿ. ಮೇ 26ರಂದು ವಾಯುದಳವು ಕಾರ್ಯಕ್ಕಿಳಿಯಿತು. ಎರಡು ಮೂರು ದಿನಗಳಲ್ಲಿಯೇ ಎರಡು ಯುದ್ಧವಿಮಾನಗಳೂ ಒಂದು ಹೆಲಿಕಾಪ್ಟರೂ ಹೋದವು. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು ಶತ್ರುಗಳ ಬಳಿ ಇದ್ದುದರಿಂದ ವಿಮಾನಗಳು ಇನ್ನೂ ಎತ್ತರದಲ್ಲಿ ಹಾರಬೇಕಾಯಿತು. ಎತ್ತರಕ್ಕೆ ಹೋದಷ್ಟೂ ಗುರಿ ಕೆಡುತ್ತದೆ ಎಂಬುದನ್ನು ಅರಿಸಿನದ ಮೂಟೆಯಲ್ಲಿ ಕಂಡೆವಷ್ಟೆ. ಅದರ ಮೇಲೆ ಹಿಮಾಲಯದ ತೆಳುಗಾಳಿ. ಬಯಲುಸೀಮೆಗಾಗಿ ಮಾಡಿಟ್ಟ ಲೆಕ್ಕಗಳು ಅಲ್ಲಿ ಹೊಂದಲಿಲ್ಲ. ನಿಯಂತ್ರಣ ರೇಖೆಯನ್ನು ದಾಟಕೂಡದೆಂದು ಸರಕಾರದ ಕಟ್ಟಪ್ಪಣೆ ಬೇರೆ. ಎಲ್ಲಕ್ಕಿಂತ ದೊಡ್ಡ ಅಳುಕೆಂದರೆ, ಬೆಟ್ಟದ ನೆತ್ತಿಯಲ್ಲಿ ಶತ್ರು ಕುಳಿತಿದ್ದರೆ ಅದರ ಓರೆಯಲ್ಲಿ ನಮ್ಮ ಹುಡುಗರೇ ಕಲ್ಲಿಗೆ ಅಂಟಿಕೊಂಡಿದ್ದರು. ಇನ್ನೂರು ಮೀಟರು ತಪ್ಪಿದ ಬಾಂಬು ನಮ್ಮವರ ಮೇಲೆಯೇ ಬೀಳಬಹುದಾಗಿತ್ತು.

ಆಗ ಗ್ವಾಲಿಯರದಿಂದ ಬಂದುವು ಮಿರಾಜ್ 2000 ವಿಮಾನಗಳು. ನಮ್ಮೂರಿನ ಮಕ್ಕಳು ಈ ಹೆಸರನ್ನು ಓದಿ ವಿಮಾನಕ್ಕೆ ನಮ್ಮ ಮಿರಜದ ಹೆಸರನ್ನೇ ಇಟ್ಟಿದ್ದಾರೆಂದು ಹಿಗ್ಗುತ್ತಾರೆ. ಅವರ ಹಿಗ್ಗನ್ನು ಮುರಿಯಲು ಮನಸ್ಸಾಗುವುದಿಲ್ಲ. ಆದರೆ ಅದು ಫ್ರೆಂಚ್ ಮಾತು. ಅದರ ಅರ್ಥ ಮೃಗಜಲ, ಕನ್ನಡದಲ್ಲಿ ಹೇಳುವುದಾದರೆ ಬಿಸಿಲ್ಗುದುರೆ. 1985ರಿಂದ ನಮ್ಮ ವಾಯುದಳದಲ್ಲಿರುವ ಆ ವಿಮಾನಕ್ಕೆ ನಮ್ಮವರು ‘ವಜ್ರ’ ಎಂದು ಹೆಸರಿಟ್ಟಿದ್ದಾರೆ. ಆ ಬಿಸಿಲ್ಗುದುರೆಗಳು ಜೂನ್ 24ರಂದು ಟೈಗರ್ ಹಿಲ್ ಶಿಖರದ ಮೇಲಿನ ಶತ್ರುಗಳ ಬಂಕರುಗಳ ಮೇಲೆ ಪೇವ್‌ವೇ ಸಜ್ಜಿನ ಬಾಂಬುಗಳನ್ನು ಬಿಟ್ಟುವು. ಬೆಳಕು ಹಿಡಿಯುವ ಯಂತ್ರ ಇಸ್ರೇಲಿನದು, ಸಜ್ಜು ಹೊರದೇಶದ್ದು. ಯುದ್ಧವೆಲ್ಲ ಮುಗಿಯುವವರೆಗೆ ಇಂಥ ಬಾಂಬು ಬಳಸಿದ್ದು ಬೆರಳೆಣಿಕೆಯಷ್ಟು ಮಾತ್ರ. ಜುಲೈ 4ರಂದು ಟೈಗರ್ ಹಿಲ್ ನಮ್ಮ ಕೈಸೇರಿತು. ಅದನ್ನು ಗೆದ್ದವರು ಹಗ್ಗ ಹಿಡಿದು ಇರುಳಿನಲ್ಲಿ ಬಂಡೆ ಹತ್ತಿದ ಕಾಲ್ದಳದವರೇ. ಆದರೂ ಮೇಲಿನ ಬಂಕರು ಮೊದಲೇ ಒಡೆದಿದ್ದರೆ ಹತ್ತುವವನ ಎದೆಗೆ ಬರುವ ಗುಂಡುಗಳಲ್ಲಿ ಕೆಲವಾದರೂ ಕಡಿಮೆಯಾಗುತ್ತವೆ. ಯಾರ ಮನೆಯ ಮಗನೋ ಹೀಗೆ ಉಳಿದಿದ್ದಾನು. ಆ ಹುಡುಗಿಯ ಪ್ರಶ್ನೆಯಲ್ಲಿ ಅರ್ಧ ಪಾಲು ಸತ್ಯವಿದೆ ಎನ್ನುವುದಕ್ಕೆ ಇದು ಸಾಕ್ಷಿ.

1998ರ ಪೋಖರಣದ ಅಣುಪರೀಕ್ಷೆಯ ಬಳಿಕ ಅಮೆರಿಕೆ ನಮ್ಮ ಮೇಲೆ ಹೇರಿದ ನಿರ್ಬಂಧಗಳು ಆಗ ಜಾರಿಯಲ್ಲಿದ್ದುವು. ಬೇಡಿ ತಂದ ಸಜ್ಜನ್ನು ನಂಬಿ ಯುದ್ಧ ಮಾಡುವುದು ಎಷ್ಟು ದಿನ? ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿ ಹುಟ್ಟಿತು. 1959ರಲ್ಲಿ ಅಲ್ಲಿ ಸ್ಥಾಪಿತವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆಯವರು, ಎಂದರೆ ಪತ್ರಿಕೆಗಳಲ್ಲಿ ಎ.ಡಿ.ಇ. ಎಂದು ಬರುವವರು, 450 ಕಿಲೋ ತೂಕದ ಬಾಂಬಿಗೆ ಬಿಗಿಯುವ ಲೇಸರ್ ಸಜ್ಜನ್ನು ತಾವೇ ರಚಿಸಿದರು. 2010ರಲ್ಲಿ ಒಡಿಶಾದ ಚಾಂದಿಪುರದಲ್ಲಿ ಅದರ ಪರೀಕ್ಷೆಗಳು ನಡೆದುವು. ಅದಕ್ಕೆ ಇಟ್ಟ ಹೆಸರು ಸುದರ್ಶನ. ಹೆಸರಿಟ್ಟವರು ಚಕ್ರವನ್ನು ನೆನೆದಿದ್ದಾರು. ಪಂಡಿತರಿಗೆ ಮಾತಿನ ಅರ್ಥ ಬಿಡಿಸುವ ಚಾಳಿಯಿರುವುದರಿಂದ ಹೇಳುತ್ತೇವೆ: ಸು ಎಂದರೆ ಒಳ್ಳೆಯದು, ದರ್ಶನ ಎಂದರೆ ನೋಟ. ಒಳ್ಳೆಯ ನೋಟವುಳ್ಳದ್ದು ಸುದರ್ಶನ. ಇನ್ನೊಂದು ಭೇದವನ್ನೂ ಗಮನಿಸಬೇಕು. ಕೃಷ್ಣನ ಚಕ್ರ ಮತ್ತೆ ಅವನ ಕೈಗೆ ಬರುತ್ತಿತ್ತು; ಇದು ಬರುವುದಿಲ್ಲ.

ಬೆಳಕಿನ ಸಜ್ಜಿಗೆ ಒಂದು ಕುಂದಿದೆ. ಮೋಡ, ಹೊಗೆ, ಧೂಳು ಅಡ್ಡ ಬಂದರೆ ಅದು ಕುರುಡು. 1991ರ ಕೊಲ್ಲಿ ಯುದ್ಧದಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬಂದುದರಿಂದ ಅಮೆರಿಕೆಯವರು ಜೆ-ಡ್ಯಾಮ್ ಎಂಬ ಇನ್ನೊಂದು ಬಗೆಯ ಬಾಲಸಜ್ಜನ್ನು ಮಾಡಿದರು. ಅದಕ್ಕೆ ಕಣ್ಣೇ ಇಲ್ಲ. ಗುರಿಯ ಅಕ್ಷಾಂಶ ರೇಖಾಂಶಗಳನ್ನು ಮೊದಲೇ ಅದರ ಕಿವಿಯಲ್ಲಿ ಊದಿರುತ್ತಾರೆ. ಆಕಾಶದ ಉಪಗ್ರಹಗಳಿಂದ ತಾನೆಲ್ಲಿರುವೆನೆಂದು ತಿಳಿಯುತ್ತ, ತನ್ನ ತಿರುವುಗಳನ್ನು ತಾನೇ ಎಣಿಸುತ್ತ, ಅದು ಆ ವಿಳಾಸಕ್ಕೆ ಹೋಗಿ ಬೀಳುತ್ತದೆ. ಹಗಲೂ ಒಂದೇ, ಮಳೆಗಾಲದ ಇರುಳೂ ಒಂದೇ. ನಮ್ಮ ದೇಶದಲ್ಲಿ ಈ ದಾರಿ ಇನ್ನೂ ಮುಂದೆ ಹೋಗಿದೆ. ರೆಕ್ಕೆ ಬಿಚ್ಚಿಕೊಂಡು ತೇಲುತ್ತ ಹೋಗುವ ‘ಗೌರವ’ ಎಂಬ ಸಾವಿರ ಕಿಲೋ ವರ್ಗದ ಬಾಂಬನ್ನು 2025ರ ಏಪ್ರಿಲಿನಲ್ಲಿ ಸುಖೋಯ್ ವಿಮಾನದಿಂದ ಪರೀಕ್ಷಿಸಿದರು. ಅದು ನೂರು ಕಿಲೋಮೀಟರಿನ ಸಮೀಪ ಸಾಗಿತು. ಅದನ್ನು ರಚಿಸಿದವರಲ್ಲಿ ಹೈದರಾಬಾದಿನವರೂ ಇದ್ದಾರೆ, ನಮಗೆ ಹತ್ತಿರದ ಪುಣೆಯ ಪಾಷಾಣದಲ್ಲಿರುವ ಶಸ್ತ್ರಾಸ್ತ್ರ ಸಂಶೋಧನಾಲಯದವರೂ ಇದ್ದಾರೆ. ಪಾಷಾಣ ಎಂದರೆ ಕನ್ನಡದಲ್ಲಿ ಕಲ್ಲೂ ಹೌದು, ವಿಷವೂ ಹೌದು; ಊರಿನ ಹೆಸರಿಗೆ ನಾವು ಹೊಣೆಯಲ್ಲ.

ಈಗ ಪ್ರಶ್ನೆಯ ಉಳಿದ ಅರ್ಧಕ್ಕೆ ಬರೋಣ.

1991ರ ಫೆಬ್ರವರಿ 13ರಂದು ಬಾಗ್ದಾದ ನಗರದ ಅಮೀರಿಯಾ ಎಂಬ ಮೊಹಲ್ಲೆಯ ಕಾಂಕ್ರೀಟು ಆಶ್ರಯಗೃಹವೊಂದರ ಮೇಲೆ ಎರಡು ಲೇಸರ್ ಬಾಂಬುಗಳು ಬಿದ್ದುವು. ಗುರಿ ಕೂದಲಷ್ಟೂ ತಪ್ಪಲಿಲ್ಲ. ಮೊದಲನೆಯದು ಛಾವಣಿಯನ್ನು ಕೊರೆಯಿತು, ಎರಡನೆಯದು ಒಳಗೆ ಹೋಯಿತು. ಅದು ಸೈನ್ಯದ ಆಜ್ಞಾಕೇಂದ್ರವೆಂದು ಗುರಿ ಆರಿಸಿದವರು ತಿಳಿದಿದ್ದರು. ಒಳಗೆ ಮಲಗಿದ್ದವರು ಬಾಂಬಿಗೆ ಹೆದರಿ ಬಂದಿದ್ದ ಹೆಂಗಸರು, ಮಕ್ಕಳು. ಸತ್ತವರು ನಾಲ್ಕುನೂರಕ್ಕೂ ಹೆಚ್ಚು. 1999ರ ಮೇ 7ರ ರಾತ್ರಿ ಬೆಲ್‌ಗ್ರೇಡಿನಲ್ಲಿ ಕಣ್ಣಿಲ್ಲದ ಹೊಸ ಸಜ್ಜಿನ ಬಾಂಬುಗಳು ತಮಗೆ ಕೊಟ್ಟ ವಿಳಾಸಕ್ಕೆ ಸರಿಯಾಗಿಯೇ ಹೋದುವು. ಆ ವಿಳಾಸದಲ್ಲಿದ್ದುದು ಚೀನದ ರಾಯಭಾರ ಕಚೇರಿ! ಮೂವರು ಪತ್ರಕರ್ತರು ತೀರಿಕೊಂಡರು. ನಕಾಶೆಯ ತಪ್ಪೆಂದು ಅಮೆರಿಕೆ ಹೇಳಿತು. ಚೀನ ಅದನ್ನು ಒಪ್ಪಲಿಲ್ಲ.

ಈ ಎರಡು ಸಂಗತಿಗಳನ್ನು ಓದಿದಾಗ ನಮಗೆ ಕೂಡಲೇ ನೆನಪಾದದ್ದು ಅಯೋಧ್ಯಾಕಾಂಡ. ದಶರಥನು ತರುಣನಾಗಿದ್ದಾಗ ಶಬ್ದವೇಧಿಯನ್ನು ಬಲ್ಲವನೆಂದು ಹೆಸರು ಪಡೆದಿದ್ದ. ಕಣ್ಣಿಗೆ ಕಾಣದ ಗುರಿಯನ್ನು ಸಪ್ಪಳದ ಮೇಲೆ ಹೊಡೆಯುವ ವಿದ್ಯೆ ಅದು. ಇಂದಿನ ಸಜ್ಜಿನ ಮುತ್ತಜ್ಜನೆನ್ನಬಹುದು. ಮಳೆಗಾಲದ ಇರುಳು, ಸರಯೂ ನದಿಯ ದಂಡೆ, ಗುಳುಗುಳು ಸಪ್ಪಳ. ಆನೆ ನೀರು ಕುಡಿಯುತ್ತಿದೆ ಎಂದು ಬಾಣ ಬಿಟ್ಟ. ಬಾಣವೇನೋ ಸಪ್ಪಳದ ನಡುವಿಗೇ ತಾಗಿತು. ಅಲ್ಲಿದ್ದವನು ಕುರುಡ ತಂದೆತಾಯಿಗಳಿಗೆ ಕೊಡದಲ್ಲಿ ನೀರು ತುಂಬುತ್ತಿದ್ದ ಹುಡುಗ, ನಾವೆಲ್ಲ ಶ್ರವಣಕುಮಾರನೆಂದು ಕರೆಯುವವನು. ದಶರಥನ ವಿದ್ಯೆಯಲ್ಲಿ ದೋಷವಿರಲಿಲ್ಲ. ಅವನ ಕೈ ನಡುಗಲಿಲ್ಲ, ಗಾಳಿ ಬಾಣವನ್ನು ಎಳೆಯಲಿಲ್ಲ. ಸಪ್ಪಳ ಆನೆಯದೆಂದು ತೀರ್ಮಾನ ಮಾಡಿದ ಮನಸ್ಸಿನಲ್ಲಿ ದೋಷ. ಮುಂದೆ ಎಷ್ಟೋ ವರ್ಷಗಳ ಮೇಲೆ, ರಾಮನು ಕಾಡಿಗೆ ಹೋದ ಬಳಿಕ, ತಾನು ಸಾಯುವ ರಾತ್ರಿ ಅವನು ಈ ಕಥೆಯನ್ನು ಕೌಸಲ್ಯೆಯ ಮುಂದೆ ಹೇಳಿಕೊಳ್ಳುತ್ತಾನೆ. ಬಾಣ ತಪ್ಪಿತ್ತೆಂದು ಹೇಳಿಕೊಳ್ಳುವ ಅನುಕೂಲ ಆ ಮುದುಕನಿಗೆ ಇರಲಿಲ್ಲ.

ಹಳೆಯ ಬಾಂಬು ಹಾಕಿದವನಿಗೆ ಈ ಅನುಕೂಲವಿತ್ತು. ಶಾಲೆಯ ಮೇಲೆ ಬಿದ್ದರೆ ಗಾಳಿ ಒಯ್ದಿತೆನ್ನಬಹುದಾಗಿತ್ತು. ಆ ಮಾತು ನಿಜವೂ ಆಗಿರುತ್ತಿತ್ತು. ಸಜ್ಜು ಬಂದ ಮೇಲೆ ಗಾಳಿಯ ಪಾಲನ್ನೆಲ್ಲ ಮನುಷ್ಯನೇ ಹೊರಬೇಕಾಗಿದೆ. ಗುರಿ ಯಾವುದು, ಅಲ್ಲಿ ಯಾರಿದ್ದಾರೆ, ಯಾರು ನೋಡಿ ಬಂದರು, ನೋಡಿ ಎಷ್ಟು ಹೊತ್ತಾಯಿತು ಎಂಬುದನ್ನು ಸಜ್ಜು ಕೇಳುವುದಿಲ್ಲ. ಮೇಲಾಗಿ ಐದು ಮೀಟರಿನೊಳಗೆ ಬಿದ್ದರೂ 450 ಕಿಲೋ ಬಾಂಬಿನ ಚೂರುಗಳು ನೂರಾರು ಮೀಟರು ಹಾರುತ್ತವೆ. ಕಡಿವಾಣ ಇರುವುದು ಬಾಂಬಿಗೆ, ಸಿಡಿತಕ್ಕಲ್ಲ. ಸಜ್ಜು ಅಗ್ಗವಾದುದು ಚಿಂತೆಯ ವಿಷಯವೆಂದು ಆಗಲೇ ಹೇಳಿದ್ದು ಈ ಕಾರಣಕ್ಕೆ. ಗುರಿ ತಪ್ಪುತ್ತದೆಂಬ ಭಯ ಒಂದು ಕಾಲಕ್ಕೆ ಆಜ್ಞೆ ಕೊಡುವವನ ಕೈಯನ್ನು ತಡೆಯುತ್ತಿತ್ತು. ತಪ್ಪುವುದಿಲ್ಲವೆಂಬ ಧೈರ್ಯ ಬಂದ ಮೇಲೆ, ಊರ ನಡುವಿನ ಮನೆಯನ್ನೂ ಗುರಿಯಾಗಿ ಬರೆದುಕೊಳ್ಳಲು ಕೈ ಹಿಂದೆಗೆಯುವುದಿಲ್ಲ. ನಾವು ಯುದ್ಧವಿರೋಧಿಗಳ ಸಾಲಿನಲ್ಲಿ ನಿಂತು ಈ ಮಾತು ಆಡುತ್ತಿಲ್ಲ. ಟೈಗರ್ ಹಿಲ್ಲಿನ ಓರೆಯಲ್ಲಿದ್ದ ಹುಡುಗರಿಗಾಗಿ ಇಂಥ ನೂರು ಸಜ್ಜುಗಳು ಬೇಕೆಂದೇ ಹೇಳುವವರು ನಾವು. ಸಜ್ಜು ಮಾಡಲು ಎಷ್ಟು ಬುದ್ಧಿ ಸುರಿದಿದೆಯೋ, ಗುರಿ ಆರಿಸುವವನನ್ನು ತಯಾರಿಸಲೂ ಅಷ್ಟು ಸುರಿಯಬೇಕೆಂಬುದೇ ನಮ್ಮ ವಾದ.

ಹುಡುಗಿಗೆ ಕೊಟ್ಟ ಉತ್ತರವೂ ಇಷ್ಟೇ. “ತಪ್ಪಿಲ್ಲದವರು ಕಡಿಮೆ ಸಾಯಬಹುದು, ತಂಗಿ, ಸಾಯುವುದೇ ಇಲ್ಲವೆಂದು ಬಾಂಬು ಮಾತು ಕೊಡಲಾರದು” ಎಂದೆವು. ಅವಳು ತುಸು ಹೊತ್ತು ಸುಮ್ಮನಿದ್ದು, ಎ.ಡಿ.ಇ. ಸಂಸ್ಥೆಗೆ ಸೇರಲು ಏನು ಓದಬೇಕೆಂದು ಕೇಳಿದಳು. ಗಣಿತ, ಭೌತಶಾಸ್ತ್ರ ಎಂದು ಹೇಳಿದೆವು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದು ಸಾಧ್ಯವೆ ಎಂಬ ಎರಡನೆಯ ಪ್ರಶ್ನೆ ಅವಳಿಂದ ಬರಲಿಲ್ಲ, ಅವಳ ತಂದೆಯವರಿಂದ ಬಂತು. ನಾಲ್ಕು ಹೋಳಿನ ಕಣ್ಣನ್ನು ಭಕ್ಕರಿಯ ಉಪಮೆಯಿಂದ ತಿಳಿದುಕೊಂಡ ಹುಡುಗಿ ಅದನ್ನು ಸಮೀಕರಣದಲ್ಲಿಯೂ ತಿಳಿದುಕೊಂಡಾಳೆಂದು ಅವರಿಗೆ ಹೇಳಿದ್ದೇವೆ.

ಸಮಯ ಮೀರಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದು ಮಾತು ಹೇಳಿ ಕುಳಿತುಕೊಳ್ಳುತ್ತೇವೆ. ಊಟಕ್ಕೆ ಏಳುವ ಮೊದಲು ಪಕ್ಕದ ಕೊಠಡಿಗೆ ದಯಮಾಡಿಸಬೇಕು. ಎಂಟು ಒಂಬತ್ತನೆಯ ತರಗತಿಯ ಮಕ್ಕಳು ರಟ್ಟು, ತಂತಿ, ನಾಲ್ಕು ಪುಟ್ಟ ದೀಪಗಳನ್ನು ಬಳಸಿ ಆ ಕಣ್ಣಿನ ಮಾದರಿಯೊಂದನ್ನು ಮಾಡಿಟ್ಟಿದ್ದಾರೆ. ಗೋಡೆಯ ಮೇಲೆ ಸಾಂಗಲಿ ಮಿರಜಗಳ ನಕಾಶೆಯಿದೆ. ಕೈಬ್ಯಾಟರಿಯ ಬೆಳಕನ್ನು ಎಲ್ಲಿ ಹಿಡಿದರೆ ಅಲ್ಲಿಗೆ ರಟ್ಟಿನ ಮೂತಿ ಹೊರಳುತ್ತದೆ. ಬ್ಯಾಟರಿಯನ್ನು ನೋಡಲು ಬಂದವರ ಕೈಗೇ ಕೊಡುತ್ತಾರೆ.